ಮಕ್ಕಳ ಕೈಗೆ ಗಾಡಿಯ ಕೀಲಿ ಕೊಡುವ ಮುನ್ನ

ಪರೀಕ್ಷೆ ಮುಗಿದು ಶಾಲೆ ಕಾಲೇಜುಗಳಿಗೆ ರಜೆ ಬರುವ ಹೊತ್ತೆಂದರೆ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಬೆಳೆಗಾರರಿಗೆ ಕೈ ಬಿಡುವಿಲ್ಲದ ಹೊತ್ತು. ಒಣಗಿದ ಅಡಿಕೆ ಸುಲಿಯಬೇಕು, ಕಾಳುಮೆಣಸು ಒಣಗಿಸಬೇಕು. ತುಂತುರು ನೀರಾವರಿಯ ಪಂಪು ಕೆಟ್ಟರೆ ಅದೇ ದಿನ ರಿಪೇರಿಯಾಗಬೇಕು. ಮಳೆಗಾಲಕ್ಕೆ ಮೊದಲೇ ಮೈಲುತುತ್ತು, ಸುಣ್ಣ ತಂದಿಡಬೇಕು. ಘಟ್ಟದ ಮೇಲೆ ಕಾಫಿ ತೋಟ ಇರುವವರಿಗೆ ಘಾಟಿ ಹತ್ತಿ ಇಳಿಯುವ ಓಡಾಟ ಬೇರೆ. ಇದರ ನಡುವೆ ಮದುವೆ, ಉಪನಯನ, ಜಾತ್ರೆ, ಆಟ.

ಆಳು ಸಿಗದ ಈ ಕಾಲದಲ್ಲಿ ಮನೆಯಲ್ಲಿ ಹದಿನಾರು ಹದಿನೇಳರ ಮಗನೋ ಮಗಳೋ ಇದ್ದರೆ, “ಸ್ಕೂಟರ್ ತಕೊಂಡು ಒಮ್ಮೆ ಪೇಟೆಗೆ ಹೋಗಿ ಬಾ” ಎಂಬ ಮಾತು ನಮ್ಮ ಬಾಯಿಂದ ತಾನಾಗಿ ಬರುತ್ತದೆ. ಡೈರಿಗೆ ಹಾಲು, ತೋಟದಲ್ಲಿ ಕೆಲಸ ಮಾಡುವವರಿಗೆ ಊಟ, ಅಂಗಡಿಯಿಂದ ಪೈಪಿನ ತುಂಡು. ಕೆಲಸ ಸಣ್ಣದು, ದಾರಿ ಹತ್ತಿರದ್ದು. ಮಗುವಿಗೂ ಉತ್ಸಾಹ.

ಹದಿಹರೆಯದವರ ಗಾಡಿ ಓಡಾಟದ ಮಾತು ಬಂದಾಗ “ಈಗಿನ ಮಕ್ಕಳು ಮಾತು ಕೇಳುವುದಿಲ್ಲ” ಎಂದು ನಾವು ಹಿರಿಯರು ಹೇಳುವುದುಂಟು. ಆದರೆ ನಮ್ಮ ಕಡೆಯ ಮನೆಗಳಲ್ಲಿ ಕೀಲಿಯನ್ನು ಮಕ್ಕಳು ಕದ್ದೊಯ್ಯುವುದಕ್ಕಿಂತ ನಾವೇ ಕೊಟ್ಟು ಕಳುಹಿಸುವುದು ಹೆಚ್ಚು. ಆದುದರಿಂದ ಈ ಲೇಖನ ಮಕ್ಕಳಿಗೆ ಎಷ್ಟೋ, ಹೆತ್ತವರಿಗೂ ಅಷ್ಟೇ.

ಕಾಯಿದೆ ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಗಾಡಿ ನಡೆಸಲು 18 ವರ್ಷ ತುಂಬಿರಬೇಕು, ಲೈಸೆನ್ಸ್ ಇರಬೇಕು. 16 ತುಂಬಿದವರಿಗೆ ಒಂದು ವಿನಾಯಿತಿ ಇದೆ ನಿಜ. ಆದರೆ ಅದು 50 ಸಿ.ಸಿ. ಮೀರದ, ಗೇರಿಲ್ಲದ ಗಾಡಿಗೆ ಮಾತ್ರ, ಅದೂ ಲೈಸೆನ್ಸ್ ಪಡೆದ ಮೇಲೆ. ನಮ್ಮ ಅಂಗಳದಲ್ಲಿ ನಿಂತಿರುವ ಸ್ಕೂಟರುಗಳು 100 ಸಿ.ಸಿ. ಮೇಲಿನವು. “ಗೇರಿಲ್ಲದ ಗಾಡಿ, ಹದಿನಾರಾದರೆ ಸಾಕು” ಎಂಬ ಊರಮಾತು ಆ ಸ್ಕೂಟರುಗಳಿಗೆ ಅನ್ವಯಿಸುವುದಿಲ್ಲ.

“ನಮ್ಮ ತೋಟದ ದಾರಿಯಲ್ಲಿ ಮಾತ್ರ ಬಿಡುತ್ತಾನೆ” ಎಂದು ಹೇಳುವವರೂ ಇದ್ದಾರೆ. ಸಾರ್ವಜನಿಕರಿಗೆ ಹೋಗಿಬರುವ ಹಕ್ಕಿರುವ ಯಾವ ದಾರಿಯೂ ಕಾಯಿದೆಯ ದೃಷ್ಟಿಯಲ್ಲಿ ಸಾರ್ವಜನಿಕ ಸ್ಥಳವೇ. ಪಂಚಾಯತಿನ ಮಣ್ಣು ರಸ್ತೆಯೂ ಅದರಲ್ಲಿ ಸೇರಿತು. ಇನ್ನು ಸ್ವಂತ ಜಾಗದೊಳಗೆ ಲೈಸೆನ್ಸ್ ಕೇಳುವವರು ಇಲ್ಲದಿರಬಹುದು, ಆದರೆ ಗುಡ್ಡೆಯ ಇಳಿಜಾರಿಗೂ ತೋಡಿನ ಅಂಚಿಗೂ ಜಾಗ ಯಾರದೆಂಬ ಲೆಕ್ಕವಿಲ್ಲ. ಟಿಲ್ಲರ್ ಮತ್ತು ಟ್ರಾಕ್ಟರಿನ ಮೇಲೆ ಮಕ್ಕಳನ್ನು ಕೂರಿಸುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಅದು ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. 18 ತುಂಬದವರು ಗಾಡಿ ನಡೆಸಿ ಅಪರಾಧವಾದರೆ ಪೋಷಕರನ್ನು ಅಥವಾ ಗಾಡಿಯ ಮಾಲಿಕನನ್ನು ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. 3 ವರ್ಷಗಳವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳ ಕಾಲ ರದ್ದು. ಆ ಹುಡುಗನಿಗೆ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ತನಗೆ ತಿಳಿಯದೆ ಆಯಿತು, ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸಿಕೊಡುವ ಹೊಣೆಯೂ ದೊಡ್ಡವರದೇ. ಪೇಟೆಗೆ ಹೋಗಿ ಬಾ ಎಂದು ನಾವೇ ಕಳುಹಿಸಿದ್ದರೆ ಆ ಮಾತು ಹೇಳುವುದು ಹೇಗೆ? ಗಾಡಿ ಚಿಕ್ಕಪ್ಪನ ಹೆಸರಿನಲ್ಲಿದ್ದರೆ ಚಿಕ್ಕಪ್ಪನೂ ಸಿಕ್ಕಿಬೀಳುತ್ತಾನೆ.

2024ರ ಮೇ 19ರಂದು ಪುಣೆಯಲ್ಲಿ ನಡೆದುದನ್ನು ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು. ಹನ್ನೆರಡನೆಯ ತರಗತಿಯ ಫಲಿತಾಂಶದ ಸಂತೋಷಕೂಟ ಮುಗಿಸಿ ಬರುತ್ತಿದ್ದ 17ರ ಹುಡುಗನ ಕಾರು ಬಡಿದು ಇಬ್ಬರು ಯುವ ಇಂಜಿನಿಯರರು ತೀರಿಕೊಂಡರು. ಆಮೇಲೆ ಹುಡುಗನ ತಂದೆಯೂ ಬಂಧನಕ್ಕೊಳಗಾದರು. ಅದು ದೊಡ್ಡ ಪೇಟೆಯ, ದೊಡ್ಡ ಕಾರಿನ ಸುದ್ದಿ. ಆದರೆ ಕಾಯಿದೆಗೆ ಕಾರಾದರೂ ಒಂದೇ, ನಮ್ಮ ಹಳೆಯ ಸ್ಕೂಟರಾದರೂ ಒಂದೇ.

ತೋಟದ ಮೇಲೆ ಬರುವ ಹೊರೆ

ದಂಡದ ಮಾತು ಇಷ್ಟಾಯಿತು. ಅದಕ್ಕಿಂತ ಭಾರವಾದುದು ಪರಿಹಾರದ ಮಾತು. ಅಪಘಾತದಲ್ಲಿ ಒಬ್ಬರು ಸತ್ತರೆ ಅಥವಾ ಕೈಕಾಲು ಕಳೆದುಕೊಂಡರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ಅವರ ವಯಸ್ಸು, ದುಡಿಮೆ, ಅವರನ್ನು ನಂಬಿದ ಕುಟುಂಬ ಇವನ್ನೆಲ್ಲ ನೋಡಿ ಪರಿಹಾರ ನಿಗದಿ ಮಾಡುತ್ತದೆ. ಈ ಹೊರೆಯನ್ನು ಹೊರುವುದಕ್ಕೆಂದೇ ನಾವು ವಿಮೆ ಮಾಡಿಸುವುದು.

ಆದರೆ ಲೈಸೆನ್ಸ್ ಇಲ್ಲದವರ ಕೈಗೆ ಮಾಲಿಕನೇ ಗಾಡಿ ಕೊಟ್ಟಿದ್ದಾನೆಂದು ಸಿದ್ಧವಾದರೆ ವಿಮಾ ಕಂಪೆನಿಗೆ ಹೊಣೆಯಿಂದ ಜಾರಿಕೊಳ್ಳಲು ದಾರಿಯಿದೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ವಿವರವಾಗಿ ಹೇಳಿದೆ. ಇಂಥ ಸಂದರ್ಭದಲ್ಲಿ ಕಂಪೆನಿಯು ಮೊದಲು ನೊಂದವರಿಗೆ ಹಣ ಕೊಟ್ಟು, ಆಮೇಲೆ ಅದನ್ನು ಮಾಲಿಕನಿಂದ ವಸೂಲು ಮಾಡಬಹುದು. ನ್ಯಾಯಮಂಡಳಿಯ ತೀರ್ಪಿನ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅದೇ ಕಾಯಿದೆಯ 174ನೇ ಕಲಮಿನಲ್ಲಿ ಅವಕಾಶವಿದೆ. ಭೂಕಂದಾಯದ ಬಾಕಿ ಎಂದರೆ ಏನೆಂದು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ತಲೆಮಾರು ನೀರು ಹೊಯ್ದು ಬೆಳೆಸಿದ ಎರಡೆಕರೆ ತೋಟ, ಅರ್ಧ ಗಂಟೆಯ ಪೇಟೆ ಕೆಲಸಕ್ಕಾಗಿ ಅಪಾಯಕ್ಕೆ ಬೀಳಬಹುದು.

ಇದಕ್ಕೂ ಮಿಗಿಲಾಗಿ, ಬಿದ್ದವನು ನಮ್ಮ ಮಗನೇ ಆಗಿರಬಹುದು. ಅದಕ್ಕೆ ಯಾವ ನ್ಯಾಯಮಂಡಳಿಯೂ ಬೆಲೆ ಕಟ್ಟಲಾರದು.

ಬುದ್ಧಿವಂತ ಮಗುವಿಗೂ ಅಪಾಯ ಏಕೆ?

“ನಮ್ಮವ ಚೆನ್ನಾಗಿ ಬಿಡುತ್ತಾನೆ” ಎಂಬುದು ಹೆಚ್ಚಿನ ಸಲ ನಿಜವೇ. ಕೈಕಾಲಿನ ಚುರುಕಿನಲ್ಲಿ ಮಕ್ಕಳು ನಮಗಿಂತ ಮುಂದು. ಆದರೆ ಬರಬಹುದಾದ ಅಪಾಯವನ್ನು ಮೊದಲೇ ತೂಗಿ ನೋಡುವ ಮೆದುಳಿನ ಭಾಗವು ಇಪ್ಪತ್ತು ದಾಟಿದ ಮೇಲೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಗಾಡಿ ಬಿಡಲು ಬರುವುದು ಬೇರೆ, ತಿರುವಿನಾಚೆ ದನ ನಿಂತಿರಬಹುದು ಎಂದು ಊಹಿಸುವುದು ಬೇರೆ. ಎರಡನೆಯದು ಅನುಭವದಿಂದಲೇ ಬರಬೇಕು.

ಜೊತೆಯಲ್ಲಿ ಸಮವಯಸ್ಕರಿದ್ದಾಗ ಎಳೆಯ ಚಾಲಕರ ಅಪಾಯ ಹೆಚ್ಚುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ಅಮೆರಿಕದಲ್ಲಿ ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲವರೆಗಿನ ಬೇಸಿಗೆಯನ್ನು ಹದಿಹರೆಯದ ಚಾಲಕರ ಪಾಲಿಗೆ ಅತಿ ಘೋರವಾದ ನೂರು ದಿನಗಳೆಂದು ಅಲ್ಲಿನ ವಾಹನ ಸಂಘದವರು ಕರೆಯುತ್ತಾರೆ. ರಜೆ, ಗೆಳೆಯರು, ತಡರಾತ್ರಿ ಮೂರೂ ಒಟ್ಟಾಗುವ ಕಾಲ ಅದು. ನಮ್ಮ ಏಪ್ರಿಲ್, ಮೇ ತಿಂಗಳುಗಳೂ ಹಾಗೆಯೇ.

ನ್ಯೂಜಿಲೆಂಡ್ ದೇಶದವರು 1987ರಲ್ಲಿ ಹಂತ ಹಂತದ ಲೈಸೆನ್ಸ್ ಪದ್ಧತಿ ತಂದರು. ಮೊದಲು ಅನುಭವಿಗಳ ಜೊತೆಯಲ್ಲಿ, ಆಮೇಲೆ ಒಂಟಿಯಾಗಿ ಆದರೆ ರಾತ್ರಿ ಹೊತ್ತು ಮತ್ತು ಗೆಳೆಯರನ್ನು ಕೂರಿಸಿಕೊಳ್ಳುವುದಕ್ಕೆ ನಿರ್ಬಂಧ, ಕೊನೆಗೆ ಪೂರ್ಣ ಲೈಸೆನ್ಸ್. ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಅಡಿಕೆ ಸಸಿಯನ್ನು ಮಡಿಯಿಂದ ಕಿತ್ತು ಏಕಾಏಕಿ ಬಿಸಿಲಿಗೆ ನಾವು ಇಡುವುದಿಲ್ಲ. ನೆರಳು ಕೊಟ್ಟು, ಬೇರು ಹಿಡಿದುದನ್ನು ನೋಡಿ, ಮತ್ತೆ ಬಿಸಿಲಿಗೆ ಒಡ್ಡುತ್ತೇವೆ.

ನಮ್ಮ ರಸ್ತೆಗಳ ಗುಣ

ರಾಷ್ಟ್ರೀಯ ಹೆದ್ದಾರಿ 66 ಬ್ರಹ್ಮಾವರ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕೋಟೇಶ್ವರ, ಕುಂದಾಪುರ, ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಬೈಂದೂರು, ಶಿರೂರು ಎಂದು ನಮ್ಮ ಮೂರೂ ತಾಲೂಕುಗಳನ್ನು ದಾಟಿ ಹೋಗುತ್ತದೆ. ಇಲ್ಲಿ ಮೊದಲ ಅಪಾಯ ಒಳದಾರಿ ಬಂದು ಹೆದ್ದಾರಿ ಸೇರುವ ಜಾಗ. ತೋಟದ ದಾರಿಯ ನಿಧಾನದಲ್ಲೇ ಬಂದ ಎಳೆಯ ಸವಾರನಿಗೆ ಹೆದ್ದಾರಿಯ ಬಸ್ಸಿನ ವೇಗ ಅಂದಾಜಿಗೆ ಸಿಗುವುದಿಲ್ಲ. ಕ್ರಾಸ್‌ಗಳು ಎಂಥ ಜಾಗಗಳೆಂದು ನಮ್ಮ ಊರು ಕಂಡಿದೆ. 2016ರ ಜೂನ್ 21ರಂದು ತ್ರಾಸಿ ಬಳಿಯ ಮೊವಾಡಿ ಕ್ರಾಸ್‌ನಲ್ಲಿ ಶಾಲಾ ಮಕ್ಕಳಿದ್ದ ವ್ಯಾನಿಗೂ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ತೀರಿಹೋದರು. ಅಲ್ಲಿ ಗಾಡಿ ನಡೆಸುತ್ತಿದ್ದವರು ದೊಡ್ಡವರೇ. ಕ್ರಾಸ್‌ನಲ್ಲಿ ಪೂರ್ತಿ ನಿಂತು, ಎರಡೂ ಕಡೆ ನೋಡಿ, ಆಮೇಲೆ ಮುಂದುವರಿಯಬೇಕೆಂಬುದು ಮೊದಲ ಪಾಠವಾಗಬೇಕು.

ಎರಡನೆಯದು ಎದುರು ದಿಕ್ಕಿನ ಓಟ. ನಡುವಿನ ತೆರವಿನವರೆಗೆ ಹೋಗಿ ತಿರುಗಿಸಿ ಬರಲು ಬೇಸರಪಟ್ಟು, ಹೆದ್ದಾರಿಯ ಅಂಚಿನಲ್ಲೇ ವಿರುದ್ಧವಾಗಿ ಬರುವುದು ದಿನನಿತ್ಯ ಕಾಣುವ ನೋಟ. ನಾವು ದೊಡ್ಡವರು ಮಾಡುವುದನ್ನು ಮಕ್ಕಳು ನೋಡಿಯೇ ಕಲಿಯುತ್ತಾರೆ.

ಮೂರನೆಯದು ಬಿಸಿಲು. ಸಿದ್ದಾಪುರದಿಂದ ಕುಂದಾಪುರಕ್ಕೆ, ಕೊಲ್ಲೂರಿನಿಂದ ಹೆಮ್ಮಾಡಿಗೆ, ಕೊಕ್ಕರ್ಣೆಯಿಂದ ಬ್ರಹ್ಮಾವರಕ್ಕೆ ಸಂಜೆ ಬರುವವರಿಗೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಮರದ ನೆರಳಿನಿಂದ ತಟ್ಟನೆ ಬಿಸಿಲಿಗೆ ಬಂದಾಗ ಒಂದೆರಡು ಕ್ಷಣ ಮುಂದಿನ ಸೈಕಲ್ ಕಾಣುವುದೇ ಇಲ್ಲ. ಕಾಣದಿದ್ದರೆ ವೇಗ ಇಳಿಸಬೇಕು, ಬೇರೆ ಉಪಾಯವಿಲ್ಲ.

ನಾಲ್ಕನೆಯದು ಮೊದಲ ಮಳೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬಿದ್ದ ಮೊದಲ ಅರ್ಧ ಗಂಟೆ ರಸ್ತೆ ಬಹಳ ಜಾರುತ್ತದೆ. ತಿಂಗಳುಗಟ್ಟಲೆ ಕೂತ ಧೂಳೂ ಎಣ್ಣೆಯೂ ನೀರಿನೊಡನೆ ಕಲೆತು ಪಾಚಿಯಂತಾಗುತ್ತವೆ. ಮೀನಿನ ಲಾರಿಗಳಿಂದ ಸೋರಿದ ನೀರು ಮಳೆಯಿಲ್ಲದ ದಿನವೂ ಇದೇ ಕೆಲಸ ಮಾಡುತ್ತದೆ. ಒಳದಾರಿಗಳ ತಿರುವಿನಲ್ಲಿ ಚೆಲ್ಲಿದ ಜಲ್ಲಿ, ಕೆಂಪು ಮಣ್ಣು ಕೂಡ ಹಾಗೆಯೇ. ಇಂಥ ಕಡೆ ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಿದರೆ ದ್ವಿಚಕ್ರ ವಾಹನ ಮಲಗಿತೆಂದೇ ಲೆಕ್ಕ.

ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ರಜೆಯಲ್ಲಿ ಪ್ರವಾಸಿಗಳು ಅಲ್ಲಲ್ಲಿ ಕಾರು ನಿಲ್ಲಿಸಿ ಬಾಗಿಲು ತೆರೆಯುತ್ತಾರೆ, ಮಕ್ಕಳು ರಸ್ತೆಗೆ ಓಡುತ್ತಾರೆ. ಆ ತುಂಡು ದಾರಿಯಲ್ಲಿ ಕಣ್ಣು ರಸ್ತೆಯ ಮೇಲೇ ಇರಬೇಕು.

ಹುಲಿಕಲ್, ಕೊಲ್ಲೂರು, ಆಗುಂಬೆಯ ಘಾಟಿಗಳು ಕಲಿಯುವವರ ದಾರಿಗಳಲ್ಲ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಘಾಟಿ ಇಳಿಯುವಾಗ ಕಾರನ್ನು ಕೆಳಗಿನ ಗೇರಿನಲ್ಲೇ ಇಡಬೇಕು. ಪೆಟ್ರೋಲು ಉಳಿಸಲು ಎಂಜಿನ್ ಆರಿಸುವುದು, ನ್ಯೂಟ್ರಲ್ ಮಾಡುವುದು ಸಾವಿಗೆ ಕರೆ ಕೊಟ್ಟಂತೆ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ಹಿಡಿತ ಕಡಿಮೆ, ಉದ್ದದ ಇಳಿತದಲ್ಲಿ ಬ್ರೇಕು ಕಾದು ಹಿಡಿಯದಾಗುತ್ತದೆ. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ.

ವೇಗದ ಲೆಕ್ಕ

ಅಡಿಕೆ ಮರಗಳ ನಡುವಿನ ಅಂತರ ಸುಮಾರು 2.7 ಮೀಟರ್ ಅಥವಾ 9 ಅಡಿ. ಮಕ್ಕಳನ್ನು ತೋಟದ ಒಂದು ಸಾಲಿನ ತುದಿಯಲ್ಲಿ ನಿಲ್ಲಿಸಿ ಈ ಲೆಕ್ಕ ತೋರಿಸಬಹುದು. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೆಂದು ಇಟ್ಟುಕೊಂಡರೆ, ಒಣ ಡಾಮರು ರಸ್ತೆಯಲ್ಲಿ, ಒಳ್ಳೆಯ ಬ್ರೇಕಿನಲ್ಲಿ,

ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ನಿಲ್ಲಲು ಸುಮಾರು 20 ಮೀಟರ್ ಬೇಕು, ಅಂದರೆ 7 ಮರ.
60ರಲ್ಲಿ ಸುಮಾರು 37 ಮೀಟರ್, 14 ಮರ.
80ರಲ್ಲಿ ಸುಮಾರು 58 ಮೀಟರ್, 21 ಮರ.

ವೇಗ ಇಮ್ಮಡಿಯಾದರೆ ನಿಲ್ಲುವ ದೂರ ಇಮ್ಮಡಿಗಿಂತ ಬಹಳ ಹೆಚ್ಚು ಎಂಬುದನ್ನು ಮರ ಎಣಿಸಿದ ಮಗು ಮರೆಯುವುದಿಲ್ಲ. ರಸ್ತೆ ಒದ್ದೆಯಾಗಿದ್ದರೆ, ಟೈರು ಸವೆದಿದ್ದರೆ, ಕೈಯಲ್ಲಿ ಫೋನಿದ್ದರೆ ಇದಕ್ಕೆ ಇನ್ನಷ್ಟು ಮರಗಳನ್ನು ಸೇರಿಸಬೇಕು.

ಹೆಲ್ಮೆಟ್

ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಮಂದಿ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಲ್ಮೆಟ್ ಹಾಕಿದರೆ ಅಪಘಾತದಲ್ಲಿ ಸಾಯುವ ಸಂಭವ ಸುಮಾರು ಶೇಕಡಾ 40ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಸುಮಾರು ಶೇಕಡಾ 70ರಷ್ಟು ಕಡಿಮೆಯಾಗುವುದು ಕಂಡುಬಂದಿದೆ.

“ಸೆಕೆಗೆ ತಲೆ ಬೇಯುತ್ತದೆ” ಎಂಬ ದೂರು ಬೇಸಿಗೆಯಲ್ಲಿ ಸಾಮಾನ್ಯ. ಒಳಗೆ ತೆಳ್ಳನೆಯ ಹತ್ತಿ ಬಟ್ಟೆ ಕಟ್ಟಿಕೊಂಡರೆ ಬೆವರಿನ ತೊಂದರೆ ಕಡಿಮೆಯಾಗುತ್ತದೆ. ಐ.ಎಸ್.ಐ. ಗುರುತು ಇರುವ ಹೆಲ್ಮೆಟನ್ನೇ ಕೊಳ್ಳಬೇಕು, ಗಲ್ಲದ ಪಟ್ಟಿಯನ್ನು ಬಿಗಿಯಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ ಬೀಳುವ ಮೊದಲೇ ಹಾರಿಹೋಗುತ್ತದೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಹೆಣ್ಣುಮಕ್ಕಳು ಸೆರಗನ್ನೂ ಚೂಡಿದಾರದ ವೇಲನ್ನೂ ಚಕ್ರಕ್ಕೆ ಸಿಗದಂತೆ ಕಟ್ಟಿಕೊಳ್ಳಬೇಕು.

ಹದಿನೆಂಟು ತುಂಬಿದವರನ್ನು ತಯಾರು ಮಾಡುವುದು

18 ತುಂಬಿದ ಮಗುವಿಗೆ ಮೊದಲು ಕಲಿಕೆಯ ಲೈಸೆನ್ಸ್ ಮಾಡಿಸಬೇಕು. ಅದರ ಅವಧಿ 6 ತಿಂಗಳು. 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಈ ಅವಧಿಯಲ್ಲಿ ಗಾಡಿಗೆ ‘ಎಲ್’ ಫಲಕ ಇರಬೇಕು. ಕಾರಿನಲ್ಲಾದರೆ ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತಿರಬೇಕು. ಬೈಕಿನಲ್ಲಾದರೆ ಕಲಿಸುವವರನ್ನು ಬಿಟ್ಟು ಬೇರೆಯವರನ್ನು ಹಿಂದೆ ಕೂರಿಸಬಾರದು.

30 ದಿನ ಎಂಬುದು ಕನಿಷ್ಠ ಅವಧಿ. ಲೈಸೆನ್ಸ್ ಕೈಗೆ ಬಂದ ದಿನವೇ ಎಲ್ಲ ದಾರಿಯೂ ತೆರೆಯಿತೆಂದು ತಿಳಿಯಬಾರದು. ನಮ್ಮ ಸಲಹೆ ಹೀಗಿದೆ. ಮೊದಲು ಹಗಲು ಹೊತ್ತು, ಒಳದಾರಿಯಲ್ಲಿ, ಹೆತ್ತವರೊಬ್ಬರ ಜೊತೆ. ಅನಂತರ ಅದೇ ದಾರಿಯಲ್ಲಿ ಒಂಟಿಯಾಗಿ, ಹೊರೆಯಿಲ್ಲದೆ. ಒಂದೆರಡು ತಿಂಗಳಾದ ಮೇಲೆ ಹಗಲಿನಲ್ಲಿ ಹೆದ್ದಾರಿ. ಒಂದು ಮಳೆಗಾಲ ನೋಡಿದ ಮೇಲೆ ರಾತ್ರಿ ಮತ್ತು ಘಾಟಿ. ಗೆಳೆಯರನ್ನು ಕೂರಿಸಿಕೊಳ್ಳುವುದು ಎಲ್ಲಕ್ಕೂ ಕೊನೆಗೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಗೊಬ್ಬರದ ಚೀಲ, ಹಾಲಿನ ಕ್ಯಾನು ಇಟ್ಟು ಕಳುಹಿಸುವುದನ್ನು ಕಲಿಯುವವರ ಮಟ್ಟಿಗಂತೂ ನಿಲ್ಲಿಸಬೇಕು.

ಬೇಸಿಗೆಯಲ್ಲಿ ಗಾಡಿಯ ಕಡೆಗೂ ಗಮನವಿರಲಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ನೋಡಬೇಕು. ಬಿಸಿಯಾದ ಟೈರಿನಿಂದ ಗಾಳಿ ಬಿಡಬಾರದು. ಟೈರಿನ ಪಕ್ಕದ ನಾಲ್ಕು ಅಂಕೆಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಸವೆದಿದ್ದರೆ ಬದಲಿಸಬೇಕು. ಎಂಜಿನ್ ಕಾದಾಗ ರೇಡಿಯೇಟರಿನ ಮುಚ್ಚಳ ತೆರೆಯುವುದು ಬೇಡವೆಂದು ಮಕ್ಕಳಿಗೆ ಹೇಳಿಕೊಡಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಸಣ್ಣ ಮಕ್ಕಳನ್ನು ಐದು ನಿಮಿಷಕ್ಕೂ ಬಿಡಬಾರದು.

ಆಟ, ಮದುವೆ, ತಡರಾತ್ರಿ

ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟವನ್ನು ಬೆಳಗಿನವರೆಗೆ ನೋಡಿ ಮಂಗಳ ಪದ ಕೇಳಿ ಹೊರಡುವ ಹೊತ್ತು ನಿದ್ದೆ ಅತಿಯಾಗಿ ಎಳೆಯುವ ಹೊತ್ತು. ನಿದ್ದೆಗಣ್ಣಿನ ಓಟವೂ ಕುಡಿದವನ ಓಟವೂ ಹೆಚ್ಚು ಬೇರೆಯಲ್ಲ. ಚೌಕಿಯ ಬಳಿಯೋ ನೆಂಟರ ಮನೆಯಲ್ಲೋ ಒಂದು ಗಂಟೆ ಮಲಗಿ ಬರುವುದು ನಾಚಿಕೆಯ ವಿಷಯವಲ್ಲ.

ಮದುವೆಯ ಮೆಹಂದಿ ರಾತ್ರಿಗಳಲ್ಲಿ ಕುಡಿದವರ ಗಾಡಿ ಹತ್ತುವ ಪ್ರಸಂಗವೂ ಬರಬಹುದು. ಇದಕ್ಕೆ ಮಕ್ಕಳಿಗೆ ಮೊದಲೇ ಒಂದು ಮಾತು ಕೊಟ್ಟಿಡಬೇಕು. “ಎಷ್ಟು ಹೊತ್ತಾದರೂ ಫೋನ್ ಮಾಡು, ನಾವು ಬಂದು ಕರೆತರುತ್ತೇವೆ, ಆ ದಿನ ಬೈಯುವುದಿಲ್ಲ.” ಬೈಗುಳದ ಹೆದರಿಕೆಯಿಂದಲೇ ಎಷ್ಟೋ ಮಕ್ಕಳು ತಪ್ಪು ಗಾಡಿ ಹತ್ತುತ್ತಾರೆ.

ಅಪಘಾತವಾದರೆ

ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಇತರ ತುರ್ತಿಗೆ 112. ಬಿದ್ದವರಿಗೆ ಸಹಾಯ ಮಾಡಿದರೆ ಕೇಸಿನಲ್ಲಿ ಸಿಕ್ಕಿಬೀಳುತ್ತೇವೆ ಎಂಬ ಭಯ ಬೇಡ. ಸದುದ್ದೇಶದಿಂದ ನೆರವಾದವರಿಗೆ 2019ರ ತಿದ್ದುಪಡಿಯಲ್ಲಿ ರಕ್ಷಣೆ ಕೊಡಲಾಗಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಯೋಜನೆಯಂತೆ, ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆಗೆ ಅವಕಾಶವಿದೆ. ನಮ್ಮ ಮಗುವಿನಿಂದಲೇ ಅಪಘಾತವಾಗಿದ್ದರೂ ಓಡಿಹೋಗಬಾರದು, ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಸೇರಿಸಬೇಕು. ಗಾಡಿ ನಡೆಸಿದವರು ಬೇರೆಯವರೆಂದು ಹೇಳಿ ಮುಚ್ಚಿಡಲು ಹೋದರೆ ಒಂದು ತಪ್ಪು ಎರಡಾಗುತ್ತದೆ.

ಮನೆಯ ಕಟ್ಟಳೆ

ಬೆಳೆಗಾರ ಬಂಧುಗಳು ಈ ಬೇಸಿಗೆಯಲ್ಲಿ ಈ ಕೆಲವನ್ನಾದರೂ ಮನೆಯಲ್ಲಿ ಜಾರಿಗೆ ತರಬೇಕೆಂದು ನಾವು ಕೋರುತ್ತೇವೆ.

1. 18 ತುಂಬದವರಿಗೆ ಗಾಡಿಯಲ್ಲಿ ಹೋಗುವ ಯಾವ ಕೆಲಸವನ್ನೂ ಹೇಳಬಾರದು. ಸೈಕಲ್ ಇದೆ, ಬಸ್ಸಿದೆ. ಒಂದು ದಿನ ತಡವಾದರೆ ತೋಟ ಒಣಗಿಹೋಗದು.
2. ಕೀಲಿಯನ್ನು ಮೊಳೆಗೆ ನೇತುಹಾಕದೆ ದೊಡ್ಡವರ ವಶದಲ್ಲಿಡಬೇಕು.
3. ನೆರೆಯ ನಾಲ್ಕು ಮನೆಯವರು ಸೇರಿ, ಪೇಟೆಗೆ ಹೋಗುವ ಒಬ್ಬರ ಬಳಿ ಎಲ್ಲರ ಸಾಮಾನು ತರಿಸಿಕೊಳ್ಳಬಹುದು.
4. ಗಾಡಿಯ ವಿಮೆಯ ಕೊನೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಿಡಬೇಕು.
5. ಹೆತ್ತವರು ಹೆಲ್ಮೆಟ್ ಹಾಕದೆ, ಕಾರಿನಲ್ಲಿ ಬೆಲ್ಟ್ ಕಟ್ಟದೆ ಹೊರಡಬಾರದು. ಉಪದೇಶಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಮಗನಿಗೆ ಹದಿನೆಂಟಾಗುವವರೆಗೆ ಕಾಯುವುದು ಕಷ್ಟವಾಗಿ ತೋರಬಹುದು. ಅಡಿಕೆ ಸಸಿ ನೆಟ್ಟು ಮೊದಲ ಕೊನೆ ಕಾಣಲು ಐದಾರು ವರ್ಷ ಕಾಯುವ ನಮಗೆ ಎರಡು ವರ್ಷ ದೊಡ್ಡದಲ್ಲ.